ಮೂಳೆ ಕೂಡಿದರೂ ಮಾಯದ ನೋವು
(ವಿಶ್ವ ರೋಗಿಗಳ ದಿನದ ಚಿಂತನೆ)



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಜಗದ್ಗುರು ಎರಡನೇ ಜಾನ್ ಪಾಲ್‌ರವರು 1992ರಲ್ಲಿ ಈ ದಿನವನ್ನು ವಿಶ್ವ ರೋಗಿಗಳ ದಿನವೆಂದು ಘೋಷಿಸಿದರು. 1993ರಿಂದ ಧರ್ಮಸಭೆ ಇದನ್ನು ಆಚರಿಸುತ್ತಿದೆ. 1994ರ ಏಪ್ರಿಲ್‌ನಲ್ಲಿ ಆ ಜಗದ್ಗುರುಗಳೇ ಸ್ನಾನದ ಮನೆಯಲ್ಲಿ ಬಿದ್ದು ತೊಡೆಮೂಳೆ ಮುರಿದುಕೊಂಡು, ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಗೆ ಒಳಗಾದರು. ಅನಂತರ ಊರುಗೋಲು ಹಿಡಿದೇ ಜನರ ಮುಂದೆ ಬಂದರು.

ನಮ್ಮ ಧರ್ಮಕೇಂದ್ರಗಳಲ್ಲೂ ಮಂಡಿ ಬದಲಾಯಿಸಿಕೊಂಡವರು, ಮೂಳೆಗೆ ರಾಡು, ಪ್ಲೇಟು ಹಾಕಿಸಿಕೊಂಡವರು ಅನೇಕರಿದ್ದಾರೆ. ಅವರಲ್ಲಿ ಕೆಲವರ ಪ್ರಶ್ನೆ ಇದು: "ಆಪರೇಷನ್ ಸರಿಯಾಗಿದೆ, ಎಕ್ಸ್‌ರೇಯೂ ಚೆನ್ನಾಗಿದೆ ಅಂತಾರೆ. ಆದರೂ ನೋವು ಯಾಕೆ ಹೋಗಿಲ್ಲ?" ಮಂಡಿ ಬದಲಾವಣೆಯಾದ 100 ಜನರಲ್ಲಿ ಸುಮಾರು 10ರಿಂದ 20 ಮಂದಿಗೆ ತಿಂಗಳುಗಟ್ಟಲೆ ನೋವು ಉಳಿಯುತ್ತದೆ. ಇದಕ್ಕೆ ದೇಹದ ಕಾರಣಗಳಿರಬಹುದು. ಮನಸ್ಸಿನ ಪಾಲೂ ಇರುತ್ತದೆ.

ಗಾಯ ಇರುವುದು ಕಾಲಿನಲ್ಲಾದರೂ ನೋವಿನ ಅರಿವು ಮೂಡುವುದು ಮೆದುಳಿನಲ್ಲಿ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಇದನ್ನು ಬಾಗಿಲಿನ ಹೋಲಿಕೆಯಿಂದ ವಿವರಿಸಿದರು. ಗಾಯದ ಸುದ್ದಿ ನರಗಳ ಮೂಲಕ ಬೆನ್ನುಹುರಿಗೆ ಬರುತ್ತದೆ. ಅಲ್ಲೊಂದು ಬಾಗಿಲಿದ್ದಂತೆ, ಮೆದುಳಿನಿಂದ ಇಳಿಯುವ ಸಂದೇಶಗಳು ಅದನ್ನು ಅಗಲವಾಗಿ ತೆರೆಯಬಹುದು, ತುಸು ಮುಚ್ಚಲೂಬಹುದು. ವಿವರಗಳು ಮುಂದೆ ತಿದ್ದುಪಡಿಯಾದರೂ ಮೂಲ ವಿಚಾರ ಉಳಿದಿದೆ. ಭಯ, ಖಿನ್ನತೆ, ನಿದ್ರೆಗೇಡುಗಳಿಂದ ನೋವು ಏರುತ್ತದೆ. ಧೈರ್ಯ, ನೆಮ್ಮದಿಗಳಿಂದ ಇಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಒಂದು ಬಗೆಯ ಯೋಚನೆ. ಸದಾ ನೋವನ್ನೇ ನೆನೆಯುವುದು, ಅದನ್ನು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುವುದು, "ಇನ್ನು ನನ್ನಿಂದ ಏನೂ ಆಗದು" ಎಂದು ಕೈಚೆಲ್ಲುವುದು. ಶಸ್ತ್ರಚಿಕಿತ್ಸೆಗೆ ಮೊದಲೇ ಹೀಗೆ ಯೋಚಿಸುವವರಿಗೆ ಆಮೇಲೆ ನೋವು ಹೆಚ್ಚಿರುತ್ತದೆಂದು ಅನೇಕ ಅಧ್ಯಯನಗಳು ತೋರಿಸಿವೆ. ಹೆದರಿದವರು ಕಾಲು ಮಡಚುವುದಿಲ್ಲ. ಮಡಚದ ಕೀಲು ಬಿಗಿಯುತ್ತದೆ. ಬಿಗಿದ ಕೀಲು ಮತ್ತಷ್ಟು ನೋಯುತ್ತದೆ.

ಹಾಗೆಂದು "ಎಲ್ಲ ನಿಮ್ಮ ಮನಸ್ಸಿನ ಭ್ರಮೆ" ಎಂದು ರೋಗಿಗೆ ಹೇಳಬಾರದು. ಆ ನೋವು ನಿಜವಾದದ್ದು. ಜ್ವರ, ಗಾಯದಲ್ಲಿ ಕೀವು, ಮೀನಖಂಡದ ಊತ, ದಿನೇದಿನೇ ಏರುವ ನೋವು ಇದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ತಪ್ಪು ತಿಳುವಳಿಕೆ ನಮ್ಮಲ್ಲಿದೆ. ನೋವನ್ನು ಯೇಸುವಿಗೆ ಒಪ್ಪಿಸುತ್ತೇನೆಂದು ಕೆಲವರು ಮಾತ್ರೆಯನ್ನೇ ನುಂಗುವುದಿಲ್ಲ. ನೋವು ತಗ್ಗಿಸುವ ಔಷಧ ತೆಗೆದುಕೊಳ್ಳುವುದು ತಪ್ಪಲ್ಲವೆಂದು ಜಗದ್ಗುರು ಹನ್ನೆರಡನೇ ಪಿಯುಸ್‌ರವರು 1957ರಲ್ಲೇ ವೈದ್ಯರಿಗೆ ಸ್ಪಷ್ಟಪಡಿಸಿದ್ದರು. ಹೇಳಿದ ಹೊತ್ತಿಗೆ ಮಾತ್ರೆ ತೆಗೆದುಕೊಂಡರೆ ವ್ಯಾಯಾಮ ಸಾಧ್ಯ, ರಾತ್ರಿ ನಿದ್ರೆಯೂ ಸಾಧ್ಯ.

ಯೊವಾನ್ನನ ಶುಭಸಂದೇಶದ 5ನೇ ಅಧ್ಯಾಯದಲ್ಲಿ 38 ವರ್ಷ ಕಾಯಿಲೆಯಿಂದ ಕೊಳದ ಬಳಿ ಮಲಗಿದ್ದವನನ್ನು ನೆನೆಯಿರಿ. ಗುಣವಾಗಲು ಬಯಸುತ್ತೀಯಾ ಎಂದು ಯೇಸು ಕೇಳಿದಾಗ, ತನ್ನನ್ನು ನೀರಿಗಿಳಿಸುವವರು ಯಾರೂ ಇಲ್ಲವೆಂದು ಅವನು ಹೇಳಿಕೊಂಡ. ಕಾಯಿಲೆಯ ಜೊತೆಗೆ ಒಂಟಿತನವೂ ಅವನನ್ನು ಹಾಸಿಗೆಗೆ ಕಟ್ಟಿಹಾಕಿತ್ತು. ಪ್ರಭು ಅವನನ್ನು ಗದರಿಸಲಿಲ್ಲ. ಮೊದಲು ಮಾತನಾಡಿಸಿದರು, ಬಳಿಕ ಎದ್ದು ನಡೆಯಲು ಹೇಳಿದರು.

ನಾವು ಮಾಡಬೇಕಾದ್ದೂ ಅದೇ. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಭಯ, ಖಿನ್ನತೆಗಳನ್ನು ವೈದ್ಯರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳೋಣ. ಮನೆಯವರು ಎಲ್ಲವನ್ನೂ ಕೈಗೆ ತಂದುಕೊಡುವ ಬದಲು ವ್ಯಾಯಾಮದ ಹೊತ್ತಿನಲ್ಲಿ ಪಕ್ಕದಲ್ಲಿರಲಿ. "ಇನ್ನೂ ನೋವಾ?" ಎಂದು ಪದೇಪದೇ ಕೇಳದೆ, "ಇವತ್ತು ಬಾಗಿಲವರೆಗೆ ನಡೆದಿರಲ್ಲ" ಎಂದು ಹುರಿದುಂಬಿಸಲಿ. ನೆರೆಹೊರೆಯ ಕುಟುಂಬಗಳು ಸಂಜೆ ಬಂದು ಒಂದು ಜಪಸರ ಹೇಳಲಿ. ಗುರುಗಳು ಪರಮಪ್ರಸಾದ ತಂದಾಗ ರೋಗಿಯ ಮಾತಿಗೂ ಕಿವಿಗೊಡಲಿ.

ತನಗೆ ಯಾರೂ ಇಲ್ಲವೆಂದು ಹೇಳುವ ರೋಗಿ ನಮ್ಮ ಧರ್ಮಕೇಂದ್ರದಲ್ಲಿ ಒಬ್ಬರೂ ಇರದಿರಲಿ. ರೋಗಿಗಳ ಆರೋಗ್ಯವಾದ ಮಾತೆ ಮರಿಯಮ್ಮನವರು ಇದಕ್ಕಾಗಿ ನಮ್ಮೆಲ್ಲರ ಪರವಾಗಿ ಪ್ರಾರ್ಥಿಸಲಿ.