ಎರಡನೇ ಉಪ್ಪುನೀರಿನ ಟ್ಯಾಂಕ್: ಪೈಪ್ ಜೋಡಿಸೋ ಮುಂಚೆ ಮಾಡಬೇಕಾದ ಲೆಕ್ಕ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ವರ್ಷದೊಳಗೆ ಕೇಳೋ ಪ್ರಶ್ನೆ ಒಂದಿದೆ. "ಒಂದು ಟ್ಯಾಂಕ್ ಇದೆ, ಕೆಳಗೆ ಸಂಪ್ ಇದೆ. ಪಕ್ಕದಲ್ಲಿ ಇನ್ನೊಂದು ಟ್ಯಾಂಕ್ ಇಟ್ಟು ಅದೇ ಸಂಪ್‌ಗೆ ಜೋಡಿಸಬಹುದಾ?"

ಜೋಡಿಸಬಹುದು, ಲಾಭನೂ ಇದೆ. ಒಂದೇ ಸ್ಕಿಮ್ಮರ್, ಒಂದೇ ಚಿಲ್ಲರ್ ಸಾಕು. ಒಟ್ಟು ನೀರು ಜಾಸ್ತಿ ಆದಷ್ಟೂ ಉಷ್ಣತೆ, ಉಪ್ಪಿನಂಶ ನಿಧಾನವಾಗಿ ಬದಲಾಗುತ್ತೆ. ಆದ್ರೆ ಪೈಪ್ ಕೊಳ್ಳೋ ಮುಂಚೆ ಒಂದು ಪ್ರಶ್ನೆಗೆ ಉತ್ತರ ಬೇಕು: ಕರೆಂಟ್ ಹೋದ್ರೆ ನೀರು ಎಲ್ಲಿಗೆ ಹೋಗುತ್ತೆ?

ನಾನು ಇದನ್ನ ಕೇಳಿಕೊಳ್ಳಲಿಲ್ಲ. ಚೆನ್ನೈನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಒಂದು ರಾತ್ರಿ ಫ್ಯಾನ್ ನಿಂತು ಸೆಕೆಗೆ ಎಚ್ಚರ ಆಯ್ತು. ಎದ್ದು ಹಾಲ್‌ಗೆ ಬಂದರೆ ಕಾಲಡಿ ಉಪ್ಪುನೀರು. ಎಕ್ಸ್‌ಟೆನ್ಷನ್ ಬಾಕ್ಸ್ ಅದೇ ನೆಲದ ಮೇಲಿತ್ತು. ಬೆಳಿಗ್ಗೆ ಎದ್ದ ತಕ್ಷಣ ಬರಿಗಾಲಲ್ಲಿ ಮೀನು ನೋಡೋಕೆ ಓಡೋದು ನಮ್ಮ ಮೂರು ವರ್ಷದ ಮಗಳು. ಮೊದಲು ಹೋಗಿ ಮೇನ್ ಸ್ವಿಚ್ ಆಫ್ ಮಾಡಿದೆ. ಆಮೇಲೆ ಬಕೆಟ್, ಬಟ್ಟೆ.

ತಪ್ಪು ಎಲ್ಲಿ ಆಯ್ತು ಅಂತ ಲೆಕ್ಕದಲ್ಲೇ ನೋಡೋಣ.

ನೀರು ಟ್ಯಾಂಕ್‌ನ ಓವರ್‌ಫ್ಲೋ ಅಂಚು ದಾಟಿ, ತನ್ನಷ್ಟಕ್ಕೆ ಸಂಪ್‌ಗೆ ಇಳಿಯುತ್ತೆ. ರಿಟರ್ನ್ ಪಂಪ್ ಅದನ್ನ ಮೇಲೆ ಕಳಿಸುತ್ತೆ. ಪಂಪ್ ನಿಂತಾಗ ಅಂಚಿನ ಮೇಲಿದ್ದ ನೀರು ಕೆಳಗಿಳಿಯುತ್ತೆ. ಅಷ್ಟಕ್ಕೇ ನಿಲ್ಲಲ್ಲ. ರಿಟರ್ನ್ ಪೈಪ್‌ನ ಬಾಯಿ ನೀರಿನೊಳಗಿದ್ದರೆ ಅದು ಸೈಫನ್ ಆಗಿ, ಬಾಯಿಗೆ ಗಾಳಿ ಸಿಗೋವರೆಗೂ ನೀರನ್ನ ಹಿಂದಕ್ಕೆ ಎಳೆಯುತ್ತೆ.

ನನ್ನ ಸಂಪ್ 75 ಸೆಂ.ಮೀ. ಉದ್ದ, 40 ಅಗಲ, 40 ಎತ್ತರ. ಅಂದ್ರೆ 1 ಸೆಂ.ಮೀ. ಎತ್ತರಕ್ಕೆ 3 ಲೀಟರ್. ಪಂಪ್ ಓಡುವಾಗ ನೀರು ಸರಾಸರಿ 22 ಸೆಂ.ಮೀ. ಇರುತ್ತೆ. ಖಾಲಿ ಜಾಗ 18 ಸೆಂ.ಮೀ., ಅಂದ್ರೆ 54 ಲೀಟರ್.

ಹಳೇ ಟ್ಯಾಂಕ್ 120 × 45 ಸೆಂ.ಮೀ. 1 ಸೆಂ.ಮೀ.ಗೆ 5.4 ಲೀಟರ್. 4 ಸೆಂ.ಮೀ. ಇಳಿದರೆ 21.6 ಲೀಟರ್. ಪೈಪ್ ಮತ್ತು ಓವರ್‌ಫ್ಲೋ ಬಾಕ್ಸ್‌ನದ್ದು ಇನ್ನೊಂದು 5.

ಹೊಸ ಟ್ಯಾಂಕ್ 60 × 45 ಸೆಂ.ಮೀ. 1 ಸೆಂ.ಮೀ.ಗೆ 2.7 ಲೀಟರ್. ಇದೂ 4 ಸೆಂ.ಮೀ. ಇಳಿದರೆ 10.8, ಪೈಪ್‌ನದ್ದು 3. ಒಟ್ಟು 40.4 ಲೀಟರ್. ಸಂಪ್‌ನಲ್ಲಿ ಆರಾಮಾಗಿ ಹಿಡಿಸುತ್ತೆ.

ಆದ್ರೆ ನಾನು ನೀರಿನ ಸದ್ದು ಬೇಡ ಅಂತ ಹೊಸ ಟ್ಯಾಂಕ್‌ನ ರಿಟರ್ನ್ ಬಾಯಿಯನ್ನ 15 ಸೆಂ.ಮೀ. ಆಳಕ್ಕೆ ಇಳಿಸಿದ್ದೆ. 10.8 ಇದ್ದದ್ದು 40.5 ಆಯ್ತು, ಒಟ್ಟು 70.1. ಸಂಪ್‌ಗೆ ಹಿಡಿಸದ 16 ಲೀಟರ್ ಹಾಲ್‌ಗೆ ಬಂತು.

ಹಾಗಾದ್ರೆ ಒನ್‌ವೇ ವಾಲ್ವ್ ಹಾಕಿದ್ರೆ ಸಾಕಲ್ವಾ? ಅದನ್ನೇ ನಂಬಬೇಡಿ. ಉಪ್ಪುನೀರಲ್ಲಿ ಅದರೊಳಗೆ ಸುಣ್ಣದಂಥ ಪದರ ಕಟ್ಟುತ್ತೆ, ಒಂದು ಸಣ್ಣ ಬಸವನಹುಳ ಸಿಕ್ಕಿಕೊಂಡರೂ ಪೂರ್ತಿ ಮುಚ್ಚಲ್ಲ. ರಿಟರ್ನ್ ಬಾಯಿ ಮೇಲಿರಲಿ, ಸಂಪ್‌ನಲ್ಲಿ ಜಾಗ ಇರಲಿ. ಇದು ಕೆಡೋ ವಸ್ತು ಅಲ್ಲ.

ಈಗ ಉಲ್ಟಾ ಲೆಕ್ಕ. ಕರೆಂಟ್ ಇದೆ, ಆದ್ರೆ ಡ್ರೈನ್ ಪೈಪ್ ಕಟ್ಟಿಕೊಂಡಿದೆ ಅಂದುಕೊಳ್ಳಿ. ಪಂಪ್ ಇರೋ ಕೋಣೆ ಖಾಲಿ ಆಗೋವರೆಗೂ ನೀರು ಮೇಲೆ ಹೋಗ್ತಾನೇ ಇರುತ್ತೆ. ಆ ಕೋಣೆಯಲ್ಲಿ 16 ಲೀಟರ್ ಇದ್ದರೆ ನನ್ನ ಸಣ್ಣ ಟ್ಯಾಂಕ್‌ನ ಮೇಲ್ಗಡೆ ಸುಮಾರು 6 ಸೆಂ.ಮೀ. ಖಾಲಿ ಬೇಕು. ಅದಕ್ಕೇ ಪ್ರತಿ ಟ್ಯಾಂಕ್‌ಗೂ ಅದರದ್ದೇ ಡ್ರೈನ್ ನೇರವಾಗಿ ಸಂಪ್‌ಗೆ ಬರಲಿ, ಜೊತೆಗೆ ಸ್ವಲ್ಪ ಎತ್ತರದಲ್ಲಿ ಇನ್ನೊಂದು ಖಾಲಿ ಡ್ರೈನ್ ಇರಲಿ. ಡ್ರೈನ್ ರಿಟರ್ನ್‌ಗಿಂತ ದಪ್ಪ ಇರಬೇಕು, ಉದ್ದಕ್ಕೂ ಇಳಿಜಾರಾಗಿರಬೇಕು. ಯಾವ ಟ್ಯಾಂಕ್‌ಗೆ ಎಷ್ಟು ನೀರು ಅಂತ ಹಂಚೋಕೆ ರಿಟರ್ನ್ ಕಡೆ ಎರಡು ಬಾಲ್ ವಾಲ್ವ್ ಹಾಕಿ.

ಜೋಡಿಸೋ ದಿನದ ಎಚ್ಚರಿಕೆ: ಹೊಸ ಟ್ಯಾಂಕ್‌ಗೆ ಹಿಂದಿನ ದಿನವೇ ಆರ್‌ಓ ನೀರಲ್ಲಿ ಲೀಟರ್‌ಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಉಪ್ಪು ಕಲಸಿ, ಹಳೇ ಟ್ಯಾಂಕ್‌ನಷ್ಟೇ ಉಪ್ಪಿನಂಶ, ಉಷ್ಣತೆ ಇದೆಯಾ ನೋಡಿ. ಆಟೋ ಟಾಪ್‌ಅಪ್ ಆಫ್ ಮಾಡಿ. ಹೊಸ ಪೈಪ್‌ಗಳು ತುಂಬುವಾಗ ಸಂಪ್ ಮಟ್ಟ ಇಳಿಯುತ್ತೆ. ಅದು ಆವಿಯಾಗಿದೆ ಅಂದುಕೊಂಡು ಆ ಯಂತ್ರ ಸಿಹಿನೀರು ಸುರಿಯುತ್ತೆ, ಇಡೀ ಸಿಸ್ಟಂನ ಉಪ್ಪಿನಂಶ ಕಮ್ಮಿ ಆಗುತ್ತೆ.

ಇನ್ನೊಂದು ವಿಷಯ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ ಇದು ಎರಡು ಆ್ಯಪ್, ಒಂದೇ ಡೇಟಾಬೇಸ್. ಒಂದರ ತೊಂದರೆ ಇನ್ನೊಂದಕ್ಕೂ ಬರುತ್ತೆ. ಹೊಸ ಟ್ಯಾಂಕ್‌ಗೆ ಬಿಟ್ಟ ಮೀನಿಗೆ ಬಿಳಿ ಚುಕ್ಕೆ ರೋಗ ಇದ್ದರೆ ಎರಡೂ ಟ್ಯಾಂಕ್‌ಗೆ ಬಂದ ಹಾಗೆ. ಅದಕ್ಕೆ ಕೊಡೋ ತಾಮ್ರದ ಔಷಧಿ ಸೀಗಡಿ, ಬಸವನಹುಳ, ಹವಳವನ್ನ ಕೊಲ್ಲುತ್ತೆ, ಹಾಗಾಗಿ ಇಡೀ ಸಿಸ್ಟಂಗೆ ಹಾಕೋ ಹಾಗಿಲ್ಲ. ಕೊಳತ್ತೂರು ಮಾರ್ಕೆಟ್‌ನಿಂದ ತಂದ ಮೀನಾದರೂ ಸರಿ, ಎಲ್ಲಿಂದ ತಂದರೂ ಸರಿ, ಸಂಪ್‌ಗೆ ಸೇರದ ಬೇರೆ ಟ್ಯಾಂಕ್‌ನಲ್ಲಿ ನಾಲ್ಕಾರು ವಾರ ಇಟ್ಟು ನೋಡಿ. ನೀರು ಜಾಸ್ತಿ ಆಯ್ತು ಅಂತ ಮೀನೂ ಜಾಸ್ತಿ ಮಾಡಬೇಡಿ. ಫಿಲ್ಟರ್ ಮೇಲಿನ ಹೊರೆ ನೀವು ಹಾಕೋ ಆಹಾರದಿಂದ ಬರೋದು.

ಕೊನೇದಾಗಿ ಪರೀಕ್ಷೆ. ಎಲ್ಲ ಜೋಡಿಸಿದ ಮೇಲೆ, ಹಗಲಲ್ಲಿ, ನೀವು ಎದುರಿಗೇ ನಿಂತು ಪಂಪ್ ಆಫ್ ಮಾಡಿ. ನೀರು ಇಳಿಯೋದು ನಿಂತ ಮೇಲೂ ಸಂಪ್‌ನಲ್ಲಿ ಜಾಗ ಉಳಿದಿರಬೇಕು. ಪಂಪ್ ಮತ್ತೆ ಹಾಕಿ ನೀರು ಸ್ಥಿರವಾದ ಮೇಲೆ ಪಂಪ್ ಕೋಣೆಯ ಗಾಜಿನ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಯಾವತ್ತೂ ಆ ಗೆರೆ ಮೀರಿ ನೀರು ತುಂಬಬೇಡಿ. ಕರೆಂಟ್ ಹೋದಾಗ ಎರಡು ಟ್ಯಾಂಕ್‌ಗೂ ನೀರಿನ ಸಂಪರ್ಕ ಇರಲ್ಲ, ಹಾಗಾಗಿ ಎರಡಕ್ಕೂ ಬೇರೆ ಬೇರೆ ಬ್ಯಾಟರಿ ಏರ್ ಪಂಪ್ ಇಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಗೋಡೆ ಮೇಲೆ ಇರಲಿ, ವೈರ್ ಪ್ಲಗ್‌ಗಿಂತ ಕೆಳಗೆ ಬಾಗಿ ಮೇಲೇರಲಿ. ಹನಿ ಅಲ್ಲೇ ಕೆಳಗೆ ಬೀಳುತ್ತೆ.

ನಮ್ಮನೇಲಿ ಆ ಗೆರೆ ಇವತ್ತಿಗೂ ಇದೆ. ಮಗಳು ಬೆಳಿಗ್ಗೆ ಬರಿಗಾಲಲ್ಲೇ ಓಡಿ ಬರ್ತಾಳೆ, ನೆಲ ಒಣಗಿರುತ್ತೆ. ನಿಮ್ಮ ಟ್ಯಾಂಕ್‌ಗಳ ಅಳತೆ ತಗೊಂಡು ಇವತ್ತೇ ಈ ಲೆಕ್ಕ ಹಾಕಿ ನೋಡಿ.