ಸರಪಳಿ ಕವಚದ ರಿವೆಟ್ ಉಂಗುರಗಳು

ಸರಪಳಿ ಕವಚವು ಲೋಹದ ಸಣ್ಣ ಉಂಗುರಗಳನ್ನು ಒಂದರೊಳಗೊಂದು ಕೋದು ರಚಿಸಿದ ರಕ್ಷಣಾ ಉಡುಪು. ಮಧ್ಯಯುಗದ ಯುರೋಪಿನ ಯೋಧರು ಇದನ್ನು ಅಂಗಿ, ತಲೆಮುಸುಕು ಮತ್ತು ಕಾಲುಚೀಲಗಳ ರೂಪದಲ್ಲಿ ಧರಿಸುತ್ತಿದ್ದರು. ಉಂಗುರದ ಎರಡು ತುದಿಗಳನ್ನು ಬಂಧಿಸುತ್ತಿದ್ದ ಪುಟ್ಟ ಮೊಳೆಯೇ ರಿವೆಟ್. ಕವಚದ ಬಲವು ಬಹುಮಟ್ಟಿಗೆ ಈ ಜೋಡಣೆಯನ್ನೇ ಅವಲಂಬಿಸಿತ್ತು.

ಹಿನ್ನೆಲೆ

ಸರಪಳಿ ಕವಚವು ಕ್ರಿ.ಪೂ. 3ನೆಯ ಶತಮಾನದ ವೇಳೆಗೆ ಕೆಲ್ಟ್ ಜನರಲ್ಲಿ ಬಳಕೆಯಲ್ಲಿತ್ತು. ರೋಮನ್ ಲೇಖಕ ವಾರೋ ಇದನ್ನು ಗಾಲ್ ಜನರ ಆವಿಷ್ಕಾರವೆಂದು ಹೇಳಿದ್ದಾನೆ. ರೋಮನ್ನರ ಮೂಲಕ ಇದು ಯುರೋಪಿನಾದ್ಯಂತ ಹರಡಿತು. 14ನೆಯ ಶತಮಾನದಲ್ಲಿ ಲೋಹದ ಫಲಕಗಳ ಕವಚ ಪ್ರಾಮುಖ್ಯ ಪಡೆದ ನಂತರವೂ ಕಂಕುಳಿನಂತಹ ಬಾಗುವ ಭಾಗಗಳ ರಕ್ಷಣೆಗೆ ಇದು ಬಳಕೆಯಲ್ಲಿ ಉಳಿಯಿತು.

ರಿವೆಟ್‌ನ ಅಗತ್ಯ

ಸಾಮಾನ್ಯ ಹೆಣಿಗೆಯಲ್ಲಿ ಪ್ರತಿಯೊಂದು ಉಂಗುರವೂ ನೆರೆಯ ನಾಲ್ಕು ಉಂಗುರಗಳೊಂದಿಗೆ ಕೂಡಿಕೊಂಡಿರುತ್ತದೆ. ತಂತಿಯ ತುದಿಗಳನ್ನು ಕೇವಲ ಎದುರುಬದುರಾಗಿ ತಾಗಿಸಿ ಬಿಟ್ಟರೆ, ಈಟಿ ಅಥವಾ ಬಾಣದ ಮೊನೆ ತೂರಿದಾಗ ಉಂಗುರವು ಸುಲಭವಾಗಿ ಬಾಯ್ದೆರೆಯುತ್ತದೆ. ಇದನ್ನು ತಡೆಯಲು ತಂತಿಯನ್ನು ದಪ್ಪವಾಗಿಸಿದರೆ ಕವಚದ ಭಾರ ಹೆಚ್ಚುತ್ತದೆ. ತುದಿಗಳನ್ನು ರಿವೆಟ್‌ನಿಂದ ಬಿಗಿದಾಗ ತೆಳುವಾದ ತಂತಿಯೇ ಸಾಕಾಗುತ್ತದೆ. ಹತ್ತಾರು ಸಾವಿರ ಉಂಗುರಗಳುಳ್ಳ ಒಂದು ಅಂಗಿ ಸುಮಾರು 10 ಕಿಲೋಗ್ರಾಂ ತೂಗುತ್ತಿತ್ತು.

ತಯಾರಿಕೆಯ ಕ್ರಮ

ಮೊದಲು ಮೆದು ಕಬ್ಬಿಣವನ್ನು ರಂಧ್ರಗಳುಳ್ಳ ಉಕ್ಕಿನ ಪಟ್ಟಿಯ ಮೂಲಕ ಎಳೆದು ತಂತಿಯಾಗಿಸಲಾಗುತ್ತಿತ್ತು. ಈ ಸಾಧನವು ಅಕ್ಕಸಾಲಿಗರ ಕಂಬಚ್ಚನ್ನು ಹೋಲುತ್ತದೆ. ತಂತಿಯನ್ನು ದುಂಡನೆಯ ಸಲಾಕೆಯ ಮೇಲೆ ಸುರುಳಿಯಾಗಿ ಸುತ್ತಿ, ಚಾಣದಿಂದ ಕತ್ತರಿಸಿ ಬಿಡಿ ಉಂಗುರಗಳನ್ನು ಪಡೆಯುತ್ತಿದ್ದರು. ಬಳಿಕ ಉಂಗುರದ ಸುತ್ತಳತೆಯನ್ನು ಕುಗ್ಗಿಸಿ, ಒಂದು ತುದಿ ಇನ್ನೊಂದರ ಮೇಲೆ ಬರುವಂತೆ ಮಾಡುತ್ತಿದ್ದರು.

ಹೀಗೆ ಒಂದರ ಮೇಲೊಂದು ಬಂದ ತುದಿಗಳನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆಗೊಳಿಸಲಾಗುತ್ತಿತ್ತು. ಬಡಿತದಿಂದ ಲೋಹ ಗಡುಸಾಗುವುದರಿಂದ, ನಡುನಡುವೆ ಅದನ್ನು ಕಾಯಿಸಿ ಆರಿಸಿ ಮೆದುಗೊಳಿಸುವುದು ಅಗತ್ಯವಾಗಿತ್ತು. ನಂತರ ಚಪ್ಪಟೆಯಾದ ಭಾಗದಲ್ಲಿ ಮೊನಚಾದ ಉಪಕರಣದಿಂದ ರಂಧ್ರ ಮಾಡುತ್ತಿದ್ದರು. ಇದರಲ್ಲಿ ಲೋಹವು ಕತ್ತರಿಸಿ ಹೊರಬೀಳದೆ ಪಕ್ಕಕ್ಕೆ ಸರಿಯುತ್ತದೆ. ಆದ್ದರಿಂದ ಜೋಡಣೆಯ ಭಾಗ ದುರ್ಬಲಗೊಳ್ಳುವುದು ಕಡಿಮೆ.

ಸಿದ್ಧವಾದ ಉಂಗುರವನ್ನು ನೆರೆಯ ಉಂಗುರಗಳಿಗೆ ಕೋದ ಮೇಲೆಯೇ ರಿವೆಟ್ ತೊಡಿಸಿ, ಸುತ್ತಿಗೆ ಅಥವಾ ಇಕ್ಕಳದಿಂದ ಒತ್ತಿ ಅದರ ತಲೆಯನ್ನು ರೂಪಿಸುತ್ತಿದ್ದರು. ರಿವೆಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ: ತಂತಿಯ ತುಂಡಿನಿಂದ ಮಾಡಿದ ದುಂಡು ರಿವೆಟ್ ಮತ್ತು ತಗಡಿನ ಪಟ್ಟಿಯಿಂದ ಕತ್ತರಿಸಿದ ಬೆಣೆಯಾಕಾರದ ರಿವೆಟ್. ಎರಡನೆಯ ಬಗೆಯು ಮಧ್ಯಯುಗದ ಉತ್ತರಾರ್ಧದ ಯುರೋಪಿನ ಕವಚಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ.

ಅಖಂಡ ಉಂಗುರಗಳ ಬಳಕೆ

ಕೆಲವು ಕವಚಗಳಲ್ಲಿ ರಿವೆಟ್ ಉಂಗುರಗಳ ಸಾಲು ಮತ್ತು ಬಾಯಿಯಿಲ್ಲದ ಅಖಂಡ ಉಂಗುರಗಳ ಸಾಲು ಒಂದಾದ ಮೇಲೊಂದರಂತೆ ಬರುತ್ತವೆ. ಇಂತಹ ಹೆಣಿಗೆಯಲ್ಲಿ ರಿವೆಟ್ ಹಾಕುವ ಕೆಲಸ ಸುಮಾರು ಅರ್ಧದಷ್ಟು ಉಳಿಯುತ್ತದೆ. 1982ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ದೊರೆತ, 8ನೆಯ ಶತಮಾನದ ಕಾಪರ್‌ಗೇಟ್ ಶಿರಸ್ತ್ರಾಣದ ಕುತ್ತಿಗೆ ಪರದೆಯಲ್ಲಿ ಬೆಸೆದ ಉಂಗುರಗಳೂ ರಿವೆಟ್ ಉಂಗುರಗಳೂ ಇವೆ.

ಅಧ್ಯಯನದ ಆಕರಗಳು

ಕವಚ ತಯಾರಕರು ತಮ್ಮ ವಿಧಾನವನ್ನು ವಿವರಿಸಿದ ಮಧ್ಯಯುಗದ ಕೈಪಿಡಿ ಯಾವುದೂ ದೊರೆತಿಲ್ಲ. ನ್ಯೂರೆಂಬರ್ಗ್‌ನ ಮೆಂಡೆಲ್ ಧರ್ಮಶಾಲೆಯ 15ನೆಯ ಶತಮಾನದ ಚಿತ್ರಪುಸ್ತಕದಲ್ಲಿ ಕವಚ ಹೆಣೆಯುವ ಕುಶಲಕರ್ಮಿಯ ಚಿತ್ರವಿದೆ. ಗಾಟ್‌ಲ್ಯಾಂಡ್ ದ್ವೀಪದಲ್ಲಿ 1361ರ ವಿಸ್ಬಿ ಕದನದಲ್ಲಿ ಮಡಿದವರ ಸಾಮೂಹಿಕ ಸಮಾಧಿಗಳಲ್ಲಿ ಸರಪಳಿ ತಲೆಮುಸುಕುಗಳು ಸಿಕ್ಕಿವೆ. ಮಾರ್ಟಿನ್ ಬರ್ಗೆಸ್ 1953ರಲ್ಲಿ ಹೆಣಿಗೆಯ ತಂತ್ರವನ್ನು ಕುರಿತು ಬರೆದರು. ಸಿರಿಲ್ ಸ್ಟ್ಯಾನ್ಲಿ ಸ್ಮಿತ್ 1959ರಲ್ಲಿ ಉಂಗುರಗಳ ಲೋಹರಚನೆಯ ಅಧ್ಯಯನವನ್ನು ಪ್ರಕಟಿಸಿದರು. ಹೀಗೆ ಈ ಕಸುಬಿನ ಬಗ್ಗೆ ಇಂದು ತಿಳಿದಿರುವ ಬಹುಪಾಲು ಸಂಗತಿಗಳು ಉಳಿದುಬಂದ ಉಂಗುರಗಳ ಪರೀಕ್ಷೆಯಿಂದಲೇ ದೊರೆತವು.