ಆಪರೇಷನ್‌ಗೆ ಮುಂಚಿನ ಭಯ, ಆಮೇಲಿನ ನೋವು

ಬಾಡಗಂಡಿಯಂಥ ಊರಿನಿಂದ ಬೀಳಗಿಗೋ ಬಾಗಲಕೋಟೆಗೋ ಆಪರೇಷನ್‌ಗೆ ಹೊರಡುವ ಮುನ್ನಾದಿನ ಮನೆ ತುಂಬ ನೆಂಟರು. ಅಮ್ಮಾನ ಎದುರು "ಏನೂ ಆಗಂಗಿಲ್ಲ, ಸುಮ್ನಿರು" ಎನ್ನುತ್ತಾರೆ. ಹೊರಗೆ ಬಂದು ಪಿಸುಗುಟ್ಟುತ್ತಾರೆ. ಅಮ್ಮಾ ಎರಡನ್ನೂ ಗಮನಿಸುತ್ತಾರೆ. ಏನನ್ನೋ ಮುಚ್ಚಿಡುತ್ತಿದ್ದಾರೆಂಬ ಅನುಮಾನದಲ್ಲಿ ಅವರಿಗೆ ರಾತ್ರಿಯಿಡೀ ನಿದ್ದೆ ಬರುವುದಿಲ್ಲ.

ಈ ಭಯ ಆಪರೇಷನ್ ಮುಗಿದೊಡನೆ ಹೋಗುವುದಿಲ್ಲ. ಹೆಚ್ಚು ಆತಂಕಪಟ್ಟವರಿಗೆ ಆಮೇಲೆ ನೋವೂ ಹೆಚ್ಚು ಕಾಡುವುದನ್ನು ವೈದ್ಯರು ಹಲವೆಡೆ ಕಂಡಿದ್ದಾರೆ. ಹೆದರಿದಾಗ ಸ್ನಾಯುಗಳು ಬಿಗಿಯುತ್ತವೆ, ಗಾಯದ ಸುತ್ತ ಸೆಳೆತ ಹೆಚ್ಚುತ್ತದೆ, ಮನಸ್ಸು ನೋವನ್ನೇ ಕಾಯುತ್ತಿರುತ್ತದೆ. ನೋವಿಗೆ ಭಯವೊಂದೇ ಕಾರಣವಲ್ಲ, ಆದರೆ ನಾವು ಕಡಿಮೆ ಮಾಡಬಹುದಾದ ಕಾರಣ ಅದು.

1964ರಲ್ಲಿ ಅಮೆರಿಕದ ಬೋಸ್ಟನ್ನಿನ ವೈದ್ಯ ಲಾರೆನ್ಸ್ ಎಗ್ಬರ್ಟ್ ಮತ್ತು ಸಂಗಡಿಗರು ಹೊಟ್ಟೆಯ ಆಪರೇಷನ್ ಆಗಲಿದ್ದ 97 ರೋಗಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿಗೆ ನೋವು ಎಲ್ಲಿ, ಎಷ್ಟು ದಿನ ಇರುತ್ತದೆ, ಮೈ ಸಡಿಲಿಸಿ ಉಸಿರಾಡುವುದು ಹೇಗೆ, ಮಗ್ಗುಲು ಬದಲಿಸುವುದು ಹೇಗೆ ಎಂದು ಅರಿವಳಿಕೆ ವೈದ್ಯರು ಕುಳಿತು ತಿಳಿಸಿದರು. ಆ ಗುಂಪಿಗೆ ಬೇಕಾದ ನೋವಿನ ಮದ್ದು ಉಳಿದವರಿಗಿಂತ ಸುಮಾರು ಅರ್ಧದಷ್ಟು ಮಾತ್ರ. ಮನೆಗೂ ಸರಾಸರಿ 2.7 ದಿನ ಮೊದಲೇ ಹೋದರು.

ಆದ್ದರಿಂದ ರೋಗಿಯಿಂದ ವಿಷಯ ಮುಚ್ಚಿಡಬೇಡಿ. ಅರಿವಳಿಕೆ ಕೊಡುವ ವೈದ್ಯರು ನೋಡಲು ಬಂದಾಗ ಇವಿಷ್ಟನ್ನು ಕೇಳಿ:

* ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೋ, ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುತ್ತಾರೋ?
* ಊಟ, ನೀರು ಎಷ್ಟು ಹೊತ್ತಿನಿಂದ ಬಿಡಬೇಕು? ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳಬೇಕೇ?
* ಎಚ್ಚರವಾದ ಮೇಲೆ ನೋವು ಎಷ್ಟಿರುತ್ತದೆ? ಅದಕ್ಕೆ ಏನು ಕೊಡುತ್ತಾರೆ?

ನಮ್ಮ ಹೆಣ್ಣುಮಕ್ಕಳಿಗೆ ಇನ್ನೊಂದು ಅಳುಕು ಇರುತ್ತದೆ: ಪ್ರಜ್ಞೆಯಿಲ್ಲದಾಗ ಮೈಮೇಲಿನ ಬಟ್ಟೆ ಹೇಗಿರುತ್ತದೋ, ಒಳಗೆ ಯಾರಿರುತ್ತಾರೋ ಎಂದು. ನಾಚಿಕೆಯಿಂದ ಅದನ್ನು ನುಂಗಿಕೊಳ್ಳುತ್ತಾರೆ. ನರ್ಸ್ ಬಳಿ ಮೊದಲೇ ಹೇಳಿ. ಮಹಿಳಾ ಸಿಬ್ಬಂದಿ ಇರಲು ಸಾಧ್ಯವೇ ಎಂದು ಕೇಳುವುದು ತಪ್ಪಲ್ಲ.

ಆಪರೇಷನ್ ಆದ ಮೇಲೆ ಹಲ್ಲುಕಚ್ಚಿ ನೋವು ತಿನ್ನುವುದೇ ಸಬ್ರ್ ಎಂದು ಭಾವಿಸಬೇಡಿ. ನೋವಿಗೆ ಹೆದರಿ ಕೆಮ್ಮದಿದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ. ಎದ್ದು ಓಡಾಡದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ನೋವು ತಡೆಯಲಾಗದಷ್ಟು ಏರುವ ಮೊದಲೇ ನರ್ಸ್‌ಗೆ ಹೇಳಿ. ಮದ್ದು ಕೊಟ್ಟ ಮೇಲೂ ನೋವು ಏರುತ್ತಲೇ ಹೋದರೆ, ಜ್ವರ ಬಂದರೆ, ಗಾಯ ಕೆಂಪಾಗಿ ಕೀವಾದರೆ ಅದನ್ನು ಭಯವೆಂದು ತಳ್ಳಿಹಾಕದೆ ಕೂಡಲೇ ವೈದ್ಯರಿಗೆ ತೋರಿಸಿ.

ದುಆ ಮಾಡಿ, ಧೈರ್ಯ ಹೇಳಿ. ಜೊತೆಗೆ ನಾಳೆ ಏನೇನು ನಡೆಯಲಿದೆ ಎಂಬುದನ್ನೂ ಅಮ್ಮಾನ ಪಕ್ಕ ಕುಳಿತು ತಿಳಿಸಿ.